ಹಾಜರಿ ವಚನ

ಬೆಳಗಿನಿಂದ ಗ್ಯಾನಮ್ಮನಿಗೆ ಒಂದು ವಾಕ್ಯದ ಮೇಲೆ ಸಿಟ್ಟು. ಆ ವಾಕ್ಯವನ್ನು ಬರೆದವಳು ತಾನೇ ಆದ್ದರಿಂದ ಸಿಟ್ಟನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ ಚಹಾದ ಮೇಲೆ ಇಳಿಸಿದಳು; ಸಕ್ಕರೆ ಹಾಕುವುದನ್ನು ಮರೆತು, ಹಾಗೆಯೇ ಕುಡಿದು, ಪುಡಿ ಸರಿಯಿಲ್ಲವೆಂದು ತೀರ್ಮಾನಿಸಿದಳು. ನಲವತ್ತೊಂದನೆಯ ಪುಟ, ಮೇಲಿನಿಂದ ಮೂರನೆಯ ಸಾಲು: ‘೧೯೯೨ರಲ್ಲಿ ಹಾಜರಿ ವಚನದ ಮಟ್ಟವನ್ನು ಸುಧಾರಿಸಲಾಯಿತು.’ ಬರೆಯುವಾಗ ಎಷ್ಟು ಚೆಂದ ಕಂಡಿತ್ತು. ಯಾರು ಸುಧಾರಿಸಿದರು, ಯಾರನ್ನು ಸುಧಾರಿಸಿದರು, ಸುಧಾರಿಸಿದ ಮೇಲೆ ಅವರ ಗತಿ ಏನಾಯಿತು ಎಂಬ ತಕರಾರು ಯಾವುದೂ ಅದರಲ್ಲಿ ಇರಲಿಲ್ಲ. ಮೂವತ್ತೈದು ವರ್ಷ ಮಕ್ಕಳ ನೋಟುಪುಸ್ತಕದಲ್ಲಿ ಕೆಂಪು ಗೆರೆ ಎಳೆದವಳಿಗೆ ತನ್ನ ವಾಕ್ಯದ ಕೆಳಗೂ ಒಂದು ಗೆರೆ ಎಳೆಯಬೇಕಾಗಿತ್ತೆಂದು ಹೊಳೆದದ್ದು ಈಗ, ನೂರು ಪ್ರತಿ ಅಚ್ಚಾಗಿ, ಸುತಳಿ ಕಟ್ಟಿಸಿಕೊಂಡು, ಲಿಂಗಸುಗೂರಿನ ಮನೆಯ ಬಾಗಿಲ ಪಕ್ಕದಲ್ಲಿ ಎರಡು ಗಂಟುಗಳಾಗಿ ಕುಳಿತ ಮೇಲೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆಯ ಚರ್ಚು ಸಭೆಗಳ ಹೆಂಗಸರು ಕೂಡಿ ನಡೆಸಿಕೊಂಡು ಬಂದ ಸ್ತ್ರೀ ಸೇವಾ ಸಂಘಕ್ಕೆ ಎಪ್ಪತ್ತೈದು ತುಂಬಿತ್ತು. ಅದರ ಇತಿಹಾಸ ಬರೆಯಲು ಗ್ಯಾನಮ್ಮ ಟೀಚರೇ ತಕ್ಕವರೆಂದು ಎಲ್ಲರೂ ಒಮ್ಮತದಿಂದ ಹೇಳಿದ್ದರು. ಆ ಕೆಲಸ ತಮ್ಮ ಕೊರಳಿಗೆ ಬೀಳದಿರಲೆಂದು ಒಮ್ಮತ ಸ್ವಲ್ಪ ಬೇಗನೇ ಬಂದಿತ್ತು. ಆರು ತಿಂಗಳು ಕೂತು ಬರೆದಳು. ಅರವತ್ತನಾಲ್ಕು ಪುಟಗಳಲ್ಲಿ ಮೊದಲ ಮೂವತ್ತು ಎತ್ತಿನ ಗಾಡಿಯಲ್ಲಿ ಬಂದ ಮಿಶನರಿ ಮಿಸ್ಸಮ್ಮನಿಗೆ ಹೋದವು: ಮಿಸ್ಸಮ್ಮನ ಟೋಪಿ, ಮಿಸ್ಸಮ್ಮನ ಹಾರ್ಮೋನಿಯಂ, ಮಿಸ್ಸಮ್ಮನಿಗೆ ಬಂದ ಚಳಿಜ್ವರ. ಊರ ಹೆಂಗಸರು ಬಂದದ್ದು ಮೂವತ್ತೊಂದರಿಂದ, ಅದೂ ಗುಂಪಾಗಿ. ಒಲೆ ಹಚ್ಚುವ ಮೊದಲು ಒಂದು ಹಿಡಿ ಜೋಳ ತೆಗೆದು ಗಡಿಗೆಗೆ ಹಾಕಿ, ತಿಂಗಳ ಕೂಟದ ದಿನ ದೇವರಿಗೆಂದು ಹೊತ್ತು ತಂದ ಹೆಂಗಸರು; ಕಾಲುವೆ ನೀರು ಬಂದ ಮೇಲೆ ಜೋಳ ಬಿಟ್ಟು ಅಕ್ಕಿ ತಂದ ಹೆಂಗಸರು; ಆಂಧ್ರದ ವಲಸೆಗಾರರ ಕ್ಯಾಂಪುಗಳಿಂದ ಬಂದು ತೆಲುಗಿನಲ್ಲಿ ಹಾಡಿ ಕನ್ನಡದಲ್ಲಿ ಜಗಳವಾಡಿದ ಹೆಂಗಸರು. ಜಗಳದ ಸಂಗತಿಯನ್ನು ಆಮೇಲೆ ಹೊಡೆದುಹಾಕಿದಳು. ಇತಿಹಾಸವೆಂದ ಮೇಲೆ ಒಂದು ಮರ್ಯಾದೆ ಬೇಡವೇ.

ನಿನ್ನೆ ಮಧ್ಯಾಹ್ನದ ಫೋನು ಬಾರದಿದ್ದರೆ ಆ ಸಾಲು ತನ್ನಷ್ಟಕ್ಕೆ ತಾನಿರುತ್ತಿತ್ತು. ಫೋನು ಮಾಡಿದವಳು ದೀಪಿಕಾ, ಸಂಘದ ಈಗಿನ ಕಾರ್ಯದರ್ಶಿ, ಸಿಂಧನೂರಿನಲ್ಲಿ ನರ್ಸು. ಸೂಜಿ ಚುಚ್ಚುವಾಗಲೂ ನಗುನಗುತ್ತಲೇ ಚುಚ್ಚುವ ಹುಡುಗಿ. “ಟೀಚರ್ರ, ನಲವತ್ತು ವರ್ಷ ತಪ್ಪದಂಗ ಬಂದ ಹಿರ್ಯಾರಿಗೆ ನಾಳೆ ಶಾಲು ಹೊಚ್ಚಬೇಕಂತ ಮಾಡೀವ್ರಿ. ಹಳೇ ಹಾಜರಿ ಪುಸ್ತಕ ನೋಡಿ ಪಟ್ಟಿ ಮಾಡಾಕತ್ತೀನಿ. ಮುಕ್ಕುಂದದ ಆದಮ್ಮಂದು ಮಾತ್ರ ತೊಂಬತ್ತೆರಡರಿಂದ ಮುಂದ ಹನ್ನೆರಡು ವರ್ಷ ಬರೇ ಗೈರು ಐತ್ರಿ. ಆಕಿ ಅವಾಗ ಬರ್ತಿದ್ದಿಲ್ಲೇನ್ರಿ?” ಆ ಹನ್ನೆರಡೂ ವರ್ಷ ಕಾರ್ಯದರ್ಶಿಯಾಗಿ ಹಾಜರಿ ಪುಸ್ತಕ ಹಿಡಿದವಳು ಗ್ಯಾನಮ್ಮನೇ. ಹೇಳಬೇಕಾದ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬರ್ತಿದ್ಲವ್ವಾ, ಎಲ್ಲರಿಗಿಂತ ಮೊದಲು ಬರ್ತಿದ್ಲು. ಅದನ್ನು ಹೇಳಲೆಂದೇ ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ. “ಪುಸ್ತಕದಾಗ ಏನೈತೋ ಅದಽ ಖರೆ, ನೋಡವ್ವಾ.” “ಆತು ಬಿಡ್ರಿ, ಹಂಗಾದ್ರ ಆಕಿ ಹೆಸರು ತೆಗೀತೀನಿ,” ಎಂದು ದೀಪಿಕಾ ಫೋನು ಇಟ್ಟಳು. ತೆಗೆಯುವುದು ಎಷ್ಟು ಸಲೀಸು! ಅರವತ್ತೆಂಟು ವರ್ಷದವಳು, ನಿವೃತ್ತ ಮುಖ್ಯೋಪಾಧ್ಯಾಯಿನಿ, ಕಟ್ಟಾದ ಫೋನನ್ನು ಸೆರಗಿನಿಂದ ಒರೆಸಿ, ಮೇಜಿನ ಮೇಲೆ ಬೋರಲು ಹಾಕಿದಳು.

ಸಿಂಧನೂರಿನ ಬಸ್ಸಿನಲ್ಲಿ ಕಂಡಕ್ಟರು ಅವಳ ಆಧಾರ್ ಕಾರ್ಡು ನೋಡಿ, ಗಂಟುಗಳನ್ನು ನೋಡಿ, “ನಿಮಗ ಪುಕ್ಕಟೆ ಐತ್ರಿ ಅಮ್ಮಾರ, ಗಂಟಿಗೆ ಲಗೇಜು ಹಾಕಬೇಕಾಕ್ಕತಿ,” ಎಂದ. “ಇತಿಹಾಸ ಅದು,” ಎಂದಳು ಗ್ಯಾನಮ್ಮ, ತನಗೇ ಯಾಕೆಂದು ತಿಳಿಯದ ಗತ್ತಿನಲ್ಲಿ. “ಏನರ ಇರಲ್ರಿ, ತೂಕ ಐತಲ್ಲ,” ಎಂದು ಅವನು ಚೀಟಿ ಹರಿದುಕೊಟ್ಟ. ತೂಕವಿದ್ದದ್ದು ನಿಜ. ಕಿಟಕಿಯ ಹೊರಗೆ ತೊಗರಿ ಹೊಲಗಳು ಸರಿಯುತ್ತಿದ್ದವು. ತೊಡೆಯ ಮೇಲೆ ಒಂದು ಗಂಟು, ಕಾಲ ಬಳಿ ಒಂದು ಗಂಟು ಇಟ್ಟುಕೊಂಡು, ಇವತ್ತು ಕೂಟದಲ್ಲಿ ಹೇಳಬೇಕಾದ ತನ್ನ ವಚನವನ್ನು ಅವಳು ಮನಸ್ಸಿನಲ್ಲಿ ಒಮ್ಮೆ ಓಡಿಸಿದಳು. ಸಂಘದ ಪದ್ಧತಿ ಅದು: ಕೂಟದಲ್ಲಿ ಹೆಸರು ಕರೆದಾಗ ಹಾಜರ್ ಎನ್ನುವಂತಿಲ್ಲ, ಎದ್ದು ನಿಂತು ವೇದದ, ಅಂದರೆ ಬೈಬಲ್ಲಿನ, ಒಂದು ವಚನ ಹೇಳಬೇಕು. ಮುಂದೆ ಯಾರೋ ಅದನ್ನು ಬಿಟ್ಟು ಬರೀ ಗುರುತು ಹಾಕತೊಡಗಿದ್ದರು. ಇವತ್ತು ಹಬ್ಬವೆಂದು ಹಳೆಯ ಪದ್ಧತಿಯಲ್ಲೇ ಹಾಜರಿ ಎಂದು ದೀಪಿಕಾ ಸಾರಿದ್ದಳು. ಗ್ಯಾನಮ್ಮನ ವಚನ ಎಲ್ಲರಿಗೂ ಗೊತ್ತಿದ್ದದ್ದು, ನಸುಕಿನಲ್ಲೇ ಎದ್ದು ಮನೆಮಂದಿಗೆಲ್ಲ ಉಣ್ಣಲಿಕ್ಕಿಟ್ಟು ರಾತ್ರಿಯೂ ದೀಪ ಆರಗೊಡದ ಗುಣವಂತೆಯನ್ನು ಹೊಗಳುವ ಉದ್ದನೆಯ ಭಾಗ. ಅದನ್ನು ಅವಳು ರಾಗವೂ ಅಲ್ಲದ ಮಾತೂ ಅಲ್ಲದ ಒಂದು ಧಾಟಿಯಲ್ಲಿ ಹೇಳಿ, ದೀಪದ ಸಾಲಿಗೆ ಬಂದಾಗ ಒಮ್ಮೆ ಗಂಟಲು ಸರಿಮಾಡಿಕೊಂಡು, ಮುಗಿಸುತ್ತಿದ್ದಳು. ಅವಳು ಕೂತ ಮೇಲೆ ಸಭೆಯಲ್ಲಿ ಒಂದು ಕ್ಷಣ ಮೌನ. ಆ ಮೌನ ಅವಳಿಗೆ ಬಹಳ ಸೇರುತ್ತಿತ್ತು.

ಉಳಿದವರಿಗೆ ಇದ್ದದ್ದು ಅಳುವ ವಚನ. ಇಡೀ ವೇದದಲ್ಲೇ ಸಣ್ಣದು, ಗೆಳೆಯನ ಸಮಾಧಿಯ ಬಳಿ ಯೇಸು ಅತ್ತನೆಂದು ಹೇಳುವ ಮೂರೇ ಮಾತು. ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿದವರಿಗೆ ಅದಕ್ಕಿಂತ ಉದ್ದನೆಯದು ಯಾರ ತಲೆಯಲ್ಲಿ ನಿಲ್ಲುತ್ತದೆ? ಮುಕ್ಕುಂದದ ಆದಮ್ಮನಂತೂ ಅಷ್ಟನ್ನೂ ಪುಸ್ತಕದ ಮಾತಿನಲ್ಲಿ ಹೇಳುತ್ತಿರಲಿಲ್ಲ. ಎದ್ದು, ಸೆರಗು ಎಳೆದುಕೊಂಡು, “ಯೇಸಪ್ಪ ಅತ್ತ,” ಎಂದು ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಹೇಳಿ ಕೂತುಬಿಡುತ್ತಿದ್ದಳು. ಅದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ, ಬೆಂಗಳೂರಿನಿಂದ ಒಬ್ಬ ಅಮ್ಮನವರು ಸಂಘ ನೋಡಲು ಬರುವವರೆಗೆ. ಬಿಳಿ ರೇಶಿಮೆ ಸೀರೆ, ಕೈಯಲ್ಲಿ ಕಸೂತಿಯ ಕರವಸ್ತ್ರ. ಗ್ಯಾನಮ್ಮ ಆಗತಾನೆ ಕಾರ್ಯದರ್ಶಿಯಾಗಿದ್ದಳು. ಹೊಸ ಹಾಜರಿ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿದ್ದಳು. ಪಟ್ಟಣದವರ ಹೆಸರು ಮುಗಿದು ಹಳ್ಳಿಗಳ ಸರದಿ ಬಂತು, ಮೊದಲು ತುರ್ವಿಹಾಳ. ತುರ್ವಿಹಾಳದ ಮೊದಲ ಹೆಸರು ಅವಳ ಅವ್ವನದು. ಅವ್ವ ಎದ್ದು, ಕಣ್ಣು ಮುಚ್ಚಿ, ಭಕ್ತಿಯಿಂದ ಅಳುವ ವಚನ ಹೇಳಿದಳು. ಅತಿಥಿ ತಲೆದೂಗಿದರು. ಎರಡನೆಯವಳೂ ಅದನ್ನೇ ಹೇಳಿದಳು, ಮೂರನೆಯವಳೂ. ಐದನೆಯವಳಿಗೆ ಕರವಸ್ತ್ರ ಬಾಯಿಗೆ ಬಂತು. ಹನ್ನೊಂದನೆಯದಾಗಿ ಆದಮ್ಮನ “ಯೇಸಪ್ಪ ಅತ್ತ” ಆಗುವ ಹೊತ್ತಿಗೆ ಅಮ್ಮನವರ ಹೆಗಲು ಕುಣಿಯುತ್ತಿತ್ತು. ಚಹಾ ಕುಡಿಯುವಾಗ ಗ್ಯಾನಮ್ಮನ ಕೈ ಹಿಡಿದು, “ನಿಮ್ಮ ಸಿಂಧನೂರಿನಲ್ಲಿ ಸ್ವಾಮಿಯನ್ನ ತುಂಬಾ ಅಳಿಸ್ತೀರಲ್ಲಮ್ಮ,” ಎಂದು ಪ್ರೀತಿಯಿಂದಲೇ ಹೇಳಿದರು. ಗ್ಯಾನಮ್ಮನೂ ನಕ್ಕಳು. ಅವ್ವ ಒಂದು ಮಾರು ದೂರದಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡು ಸೊರ್ ಎಂದು ಹೀರುತ್ತಿದ್ದಳು. ಆಕೆ ಯಾರೆಂದು ಅತಿಥಿ ಕೇಳದಿರಲೆಂದು ಗ್ಯಾನಮ್ಮ ಆ ಕಡೆಗೆ ಬೆನ್ನು ಹಾಕಿ ನಿಂತಳು. ಮೂವತ್ತಮೂರು ವರ್ಷದ ಮೇಲೆ, ಮಸ್ಕಿಯ ದಾರಿಯ ಬಸ್ಸಿನಲ್ಲಿ, ಬೆನ್ನಿಗೆ ಅವ್ವನ ಆ ಸೊರ್ ಇನ್ನೂ ಕೇಳಿಸುತ್ತಿತ್ತು.

ಮುಂದಿನ ಕೂಟದಲ್ಲಿ ನಿರ್ಣಯ ಬಂತು. ಬರೆದವಳು, ಮಂಡಿಸಿದವಳು, ಓದಿದವಳು ಎಲ್ಲಾ ಅವಳೇ. ಹೆಂಗಸರು ಊಟದ ಹೊತ್ತಾಯಿತೆಂದು ಕೈ ಎತ್ತಿದರು. ಅಳುವ ವಚನ ಇನ್ನು ಮೇಲೆ ನಡೆಯುವುದಿಲ್ಲ. ಎಲ್ಲರೂ ಅದನ್ನು ಬಿಟ್ಟು ಅದರ ನಂತರದ ಸಣ್ಣ ವಚನಕ್ಕೆ, ಬೇಡವೆಂದರೂ ಹಿಂದಿರುಗಿ ನೋಡಿ ಉಪ್ಪಿನ ಕಂಬವಾದ ಹೆಂಗಸನ್ನು ನೆನೆಯಿರೆಂಬುದಕ್ಕೆ, ಹಿಂಡಾಗಿ ಹೋಗಬಾರದೆಂದು ಎರಡನೆಯ ಮಾತು: ಒಬ್ಬರು ಹೇಳಿಕೊಂಡು ಬಂದದ್ದನ್ನು ಇನ್ನೊಬ್ಬರು ಹೇಳಕೂಡದು, ಅವರವರ ವಚನ ಅವರವರದು. ಮೂರನೆಯದು, ವಚನವಿಲ್ಲದವರಿಗೆ ಹಾಜರಿಯಿಲ್ಲ. ಎಂಥ ಬಂದೋಬಸ್ತು! ಎಲ್ಲಿಯೂ ಒಂದು ಬಿರುಕು ಬಿಡದೆ ಕಟ್ಟಿದ್ದಳು. ಅವತ್ತೇ ಸಂಜೆ ಅವ್ವನನ್ನು ಸಿಂಧನೂರಿನ ಬಾಡಿಗೆ ಮನೆಗೆ ಕರೆದುಕೊಂಡು ಹೋಗಿ, ರೊಟ್ಟಿ ಬಡಿಯಲು ಕೂರಿಸಿ, ಎದುರಿಗೆ ಕೂತು, ದೇವರೇ ನನ್ನ ಕುರುಬನೆನ್ನುವ ವಚನ ಒಂದನ್ನು ರೊಟ್ಟಿಯ ತಾಳಕ್ಕೆ ತುಂಡು ತುಂಡಾಗಿ ಹೇಳಿಕೊಟ್ಟಳು. ಮೂರು ರೊಟ್ಟಿ ಆಗುವಷ್ಟರಲ್ಲಿ ಅದು ಅವ್ವನ ಬಾಯಿಗೆ ಬಂತು. “ಇಷ್ಟಽ ಏನು?” ಎಂದಿದ್ದಳು ಅವ್ವ. “ಮದ್ಲಽ ಹೇಳಿದ್ರ ಮದ್ಲಽ ಕಲಿತಿದ್ನೆಲ್ಲ. ಯಾರು ಹೇಳಿಕೊಟ್ರು?” ಅವ್ವ ಮುಂದೆ ಎರಡು ವರ್ಷ ಬದುಕಿದಳು, ಎರಡೂ ವರ್ಷ ಹಾಜರ್. ಆದಮ್ಮ ಪ್ರತಿ ತಿಂಗಳು ಮುಕ್ಕುಂದದಿಂದ ಬಂದು, ಗಂಡಸರ ಕೂಡ ಟ್ರಾಲಿಯಲ್ಲೋ ಬಸ್ಸಿನಲ್ಲೋ ನಿಂತು ಬಂದು, ಹಿಡಿಯಕ್ಕಿಯ ಚೀಲ ಮುಂದಿಟ್ಟು, ಬಾಗಿಲ ಬಳಿ ಚಪ್ಪಲಿಗಳ ಮಗ್ಗುಲಲ್ಲಿ ಕೂರುತ್ತಿದ್ದಳು. ಹಾಜರಿಯಲ್ಲಿ ಕಟ್ಟಕಡೆಯ ಊರು ಮುಕ್ಕುಂದ, ಕಟ್ಟಕಡೆಯ ಹೆಸರು ಅವಳದು. ಕರೆದಾಗ ಎದ್ದು ನಿಲ್ಲುತ್ತಿದ್ದಳು. ಬಾಯಿ ಒಂದಿಷ್ಟು ತೆರೆಯುತ್ತಿತ್ತು, ಯಾರನ್ನೋ ಒಮ್ಮೆ ನೋಡುತ್ತಿದ್ದಳು, ಬಾಯಿ ಮುಚ್ಚುತ್ತಿತ್ತು. “ಮುಂದಿನ ತಿಂಗಳ ಒಂದು ಕಲ್ತು ಬಾ ಆದಮ್ಮ,” ಎಂದು ಹೇಳಿ ಗ್ಯಾನಮ್ಮ ಗೈರು ಎಂದು ಬರೆಯುತ್ತಿದ್ದಳು, ದುಂಡಗಿನ ಅಕ್ಷರದಲ್ಲಿ. ಕೂಟ ಮುಗಿದ ಮೇಲೆ ಗೈರಾದವಳೇ ಜಮಖಾನಿ ಝಾಡಿಸಿ ಮಡಚಿಡುತ್ತಿದ್ದಳು.

ಮಸ್ಕಿ ಬಂತು. ಬಸ್ಸು ಅರ್ಧ ಖಾಲಿಯಾಗಿ ಮತ್ತೆ ತುಂಬಿಕೊಂಡಿತು. ಇಲ್ಲಿಯ ಗುಡ್ಡಕ್ಕೆ ಗ್ಯಾನಮ್ಮ ಎಷ್ಟೋ ವರ್ಷ ಮಕ್ಕಳನ್ನು ಸಾಲಾಗಿ ಕರೆತಂದು ಅಶೋಕನ ಶಾಸನ ತೋರಿಸಿದ್ದಳು. ಬೇರೆ ಬಹುಪಾಲು ಕಡೆ ದೇವರಿಗೆ ಪ್ರಿಯನಾದವನೆಂದು ಬರೆಸಿ ಸುಮ್ಮನಾದ ದೊರೆ, ನಮ್ಮ ಮಸ್ಕಿಯ ಬಂಡೆಯ ಮೇಲೆ ತನ್ನ ಸ್ವಂತ ಹೆಸರು ಬರೆಸಿದ್ದಾನೆ, ಅದಕ್ಕೇ ಈ ಕಲ್ಲಿಗೆ ಇಷ್ಟು ಬೆಲೆ ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು. ಹೆಸರಿನ ಬೆಲೆ ಗೊತ್ತಿಲ್ಲದವಳೇನಲ್ಲ ಅವಳು. ಪಕ್ಕದ ಸೀಟಿಗೆ ಬಳೆ ಬುಟ್ಟಿ ಇಳಿಯಿತು, ಬುಟ್ಟಿಯ ಹಿಂದೆ ಖಾತೂನ್‌ಬೀ. ಸಂತೆ ಸಂತೆಗೆ ಬಳೆ ಮಾರುತ್ತ, ಸಿಂಧನೂರಿನ ಚರ್ಚಿನ ಕಂಪೌಂಡಿಗೂ ಕೂಟದ ದಿನ ತಪ್ಪದೆ ಬರುತ್ತಿದ್ದ ಮುದುಕಿ.

“ಅರೆ, ಟೀಚರಮ್ಮಾ! ಏನ್ರಿ ಇದು ಗಂಟು?”

“ನಮ್ಮ ಸಂಘದ ಇತಿಹಾಸ, ಖಾತೂನ್‌ಬೀ. ಅಚ್ಚು ಹಾಕಿಸೀವಿ.”

“ನನ್ನ ಹೆಸರು ಐತೇನ್ರಿ ಅದರಾಗ?”

“ನಿಮ್ಮ ಹೆಸರು ಯಾಕ ಇರ್ತದ?”

“ಯಾಕಂದ್ರ? ಮೂವತ್ತು ವರ್ಷ ನಿಮ್ಮ ಸಂಘದಾಕೇರ ಕೈಗೆಲ್ಲಾ ಬಳಿ ಏರಿಸೀನಿ. ಬರೇ ನಾಮ್ ನಿಮ್ದು, ಕಾಮ್ ನಮ್ದು ಅಂದ್ರ ಹೆಂಗ್ರಿ?” ಖಾತೂನ್‌ಬೀ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. “ಹೋಗ್ಲಿ ಬಿಡ್ರಿ. ನಿಮ್ಮ ಆದಮ್ಮಂದು ಭಾಳ ಬರ್ದಿರ್ಬೇಕಲ್ಲ?”

ಗ್ಯಾನಮ್ಮ ಗಂಟಿನ ಸುತಳಿಯನ್ನು ಸರಿಮಾಡಿದಳು.

“ನೀವೆಲ್ಲಾರೂ ಒಂದೊಂದು ತಿಂಗಳ ತಪ್ಪಿಸೀರಿ,” ಎಂದಳು ಖಾತೂನ್‌ಬೀ. “ನೀವೂ ತಪ್ಪಿಸೀರಿ, ಬಾಣಂತನ ಇದ್ದಾಗ. ಆಕಿ ಒಬ್ಬಾಕಿನಽ ತಪ್ಪಿಸಿದ್ದಿಲ್ಲ. ನಾ ಹೊರಗ ಕಟ್ಟಿ ಮ್ಯಾಲೆ, ಆಕಿ ಒಳಗ ಬಾಗಿಲದಾಗ. ನೀವು ಒಳಗ ಏನರ ಅಂದ್ರ, ಆಕಿ ಅದನ್ನ ಬಾಯಾಗ ಗುಣುಗುಣು ಅನ್ಕೋಂತ ಕುಂತಿರಾಕಿ. ಏನವಾ ಅದು ಅಂದ್ರ, ಸುಮ್ಕಿರು, ತಪ್ಪಿ ಹೋಕ್ಕತಿ ಅಂತಿದ್ಲು.”

ಪ್ರಾರ್ಥನೆ ಇದ್ದಿರಬೇಕು ಎಂದುಕೊಂಡಳು ಗ್ಯಾನಮ್ಮ. ಸಂಘದ ಒಂದು ಅಕ್ಷರ ಗೊತ್ತಿಲ್ಲದ ಈ ಬಳೆಗಾರ್ತಿಯ ತಲೆಯಲ್ಲಿ ಹಾಜರಿ ಪುಸ್ತಕ ತನ್ನದಕ್ಕಿಂತ ಸರಿಯಾಗಿತ್ತು. ಯಾರೂ ಬೈದಿರಲಿಲ್ಲ, ಆದರೂ ಕಿವಿ ಬಿಸಿಯಾಗಿ, ಗ್ಯಾನಮ್ಮ ಕಿಟಕಿಯ ಕಡೆ ತಿರುಗಿದಳು. ಮಸ್ಕಿ ದಾಟಿದ ಮೇಲೆ ನೆಲದ ಬಣ್ಣ ಬದಲಾಗಿ, ಕಾಲುವೆ, ಗದ್ದೆ, ಬಗ್ಗಿದ ಬೆನ್ನುಗಳು ಕಾಣತೊಡಗಿದವು. ಮೂರು ರೊಟ್ಟಿ. ಮೂರು ರೊಟ್ಟಿಯ ಹೊತ್ತು ಆದಮ್ಮನಿಗೆ ಕೊಡಲಿಲ್ಲವಲ್ಲ. ಒಂದು ಸಂಜೆ ಆಕೆಯನ್ನೂ ಮನೆಗೆ ಕರೆದಿದ್ದರೆ ಮುಗಿಯುತ್ತಿತ್ತು. ಕರೆಯಬೇಕೆಂದು ಅನ್ನಿಸಿರಲಿಲ್ಲವೇ? ಅನ್ನಿಸಿತ್ತು, ಅದೇ ಕಷ್ಟ. ಹಾಜರಿಯ ಕೊನೆಗೆ ಒಬ್ಬಳು ಬಾಯಿ ತೆರೆದು ಮುಚ್ಚುವಾಗ, ಮೊದಲಿಗೆ ಹೇಳಿದ ತನ್ನ ವಚನ ಇನ್ನೊಂದಿಷ್ಟು ಉದ್ದವಾಗಿ ಕೇಳಿಸುತ್ತಿತ್ತು. ಇದನ್ನು ಇಷ್ಟು ಬಿಡಿಸಿ ತನಗೆ ತಾನೇ ಹೇಳಿಕೊಂಡದ್ದು ಇದೇ ಮೊದಲು, ಮತ್ತು ಹೇಳಿಕೊಂಡ ಕೂಡಲೇ ಅವಳಿಗೆ ನಾಚಿಕೆಯಾಯಿತು. ಖಾತೂನ್‌ಬೀ ದಾರಿಯಲ್ಲಿ ಒಂದು ಕ್ಯಾಂಪಿನ ಬಳಿ ಇಳಿದುಹೋದಳು; ಆ ಸೀಟಿಗೆ ಬಿಳಿ ಅಂಗಿಯವನೊಬ್ಬ ಬಂದು ಕೂತ. ಗ್ಯಾನಮ್ಮ ಗಂಟು ಬಿಚ್ಚಿ, ಮೇಲಿನ ಪ್ರತಿಯ ನಲವತ್ತೊಂದನೆಯ ಪುಟ ತೆಗೆದು, ಕೈಚೀಲದಿಂದ ಕೆಂಪು ಪೆನ್ನು ತೆಗೆದಳು. ನೂರರಲ್ಲೂ ತಿದ್ದಿಬಿಡುವುದು. ಅಂಚಿನಲ್ಲಿ ಆದಮ್ಮ ಎಂದು ಬರೆಯಲು ಮೊದಲ ಅಕ್ಷರಕ್ಕೆ ಪೆನ್ನು ಇಟ್ಟಳು, ಬಸ್ಸು ಕುಣಿಯಲ್ಲಿ ಬಿತ್ತು, ಅಕ್ಷರದ ಬಾಲ ಪುಟ ಹಾದು, ಅವನ ಅಂಗಿಯ ತೋಳಿನವರೆಗೂ ಹೋಯಿತು. ಅವನು ನೋಡಿದ. “ತಪ್ಪಾತು, ಅಪ್ಪಾ,” ಎಂದಳು ಗ್ಯಾನಮ್ಮ. ಇಷ್ಟು ಸುಲಭವಾಗಿ ಆ ಮಾತು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪೆನ್ನಿಗೆ ಟೋಪಿ ಹಾಕಿದಳು.

ಸಿಂಧನೂರಿನ ಚರ್ಚಿನ ಹಾಲ್‌ನಲ್ಲಿ ಬಣ್ಣದ ಕಾಗದ ಕಟ್ಟಿದ್ದರು. ಮುಂದಿನ ಸಾಲಿನಲ್ಲಿ ಏಳು ಕುರ್ಚಿ, ಒಂದೊಂದಕ್ಕೂ ಹೆಸರಿನ ಚೀಟಿ, ಮೊದಲನೆಯದು ಅವಳದೇ. ಬಾಗಿಲ ಬಳಿ, ಚಪ್ಪಲಿಗಳ ಮಗ್ಗುಲಲ್ಲಿ, ಆದಮ್ಮ ಆಗಲೇ ಬಂದು ಕೂತಿದ್ದಳು. ಎಪ್ಪತ್ತೈದೋ ಎಂಬತ್ತೋ, ಸಂಘದ ವಯಸ್ಸೇ ಇರಬೇಕು. ಪಕ್ಕದಲ್ಲಿ ಹಿಡಿಯಕ್ಕಿಯ ಚೀಲ. ಈಗ ಯಾರೂ ಅಕ್ಕಿ ತರುವುದಿಲ್ಲ, ದುಡ್ಡಿನ ಲಕೋಟೆ ತರುತ್ತಾರೆ. ಇವಳಿಗೆ ಅದನ್ನು ಯಾರೂ ಹೇಳಿದ ಹಾಗೆ ಕಾಣಲಿಲ್ಲ, ಅಥವಾ ಹೇಳಿದ್ದನ್ನು ಇವಳು ಕೇಳಿದ ಹಾಗೆ ಕಾಣಲಿಲ್ಲ. “ವಂದನೆ ಟೀಚರ್ರ,” ಎಂದಳು ಆದಮ್ಮ. “ಸೊರಗೀರಿ. ಗಂಟು ಇತ್ತ ಕೊಡ್ರಿ.” “ಬ್ಯಾಡ, ತೂಕ ಐತಿ,” ಎಂದು ಗ್ಯಾನಮ್ಮ ತಾನೇ ಹೊತ್ತುಕೊಂಡು ಮುಂದೆ ಹೋದಳು. ಕೂಟ ಶುರುವಾಗುವ ಮೊದಲೇ ದೀಪಿಕಾಳ ಕಿವಿಯಲ್ಲಿ ಮೆಲ್ಲಗೆ ಹೇಳಿಬಿಡುವುದು, ಒಂದು ಶಾಲು ಹೆಚ್ಚು ತರಿಸುವುದು, ಯಾರಿಗೂ ಏನೂ ತಿಳಿಯದ ಹಾಗೆ ಎಲ್ಲವನ್ನೂ ಸುಧಾರಿಸಲಾಗುವುದು. “ದೀಪಿಕಾ, ಒಂದು ಮಾತಿತ್ತು...” “ಆಮ್ಯಾಲೆ ಟೀಚರ್ರ, ಆಮ್ಯಾಲೆ! ಮೈಕು ಕೈ ಕೊಟ್ಟೈತಿ,” ಎಂದು ದೀಪಿಕಾ ಓಡಿದಳು. ಗ್ಯಾನಮ್ಮ ತನ್ನ ಹೆಸರಿನ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಚೀಟಿ ಬೆನ್ನಿಗೆ ಒತ್ತುತ್ತಿತ್ತು.

ಹಾಡು ಆಯಿತು, ಪ್ರಾರ್ಥನೆ ಆಯಿತು. ದೀಪಿಕಾ ಹೊಸ ಪುಸ್ತಕ ತೆರೆದು, “ಇವತ್ತು ಹಳೇ ಪದ್ಧತಿ. ಬಿಡುವಂಗಿಲ್ಲ ಯಾರನ್ನೂ,” ಎಂದು ನಗುತ್ತ ಮೊದಲ ಹೆಸರು ಕರೆದಳು. ಗ್ಯಾನಮ್ಮ ಎದ್ದು ನಿಂತಳು. ಗುಣವಂತೆ ನಸುಕಿನಲ್ಲಿ ಏಳಬೇಕು, ಅಲ್ಲಿಂದ ಶುರು. ಏಳಲಿಲ್ಲ. ಬಾಯಿ ಒಂದಿಷ್ಟು ತೆರೆಯಿತು. ಹಾಲ್ ತುಂಬ ಹೆಂಗಸರು, ಬೀಸಣಿಕೆಗಳು, ಮೇಲೆ ತಿರುಗುವ ಫ್ಯಾನುಗಳು, ಮೂವತ್ತು ವರ್ಷ ಹೇಳಿದ ವಚನದ ಒಂದು ಮಾತೂ ಇಲ್ಲ. ಅವ್ವನ ರೊಟ್ಟಿಯ ಸಪ್ಪಳ ಮಾತ್ರ ಇದೆ. ಬಾಯಿ ಮುಚ್ಚಿತು. ಹೀಗಿರುತ್ತದೆಯೇ ಇದು, ಎಂದುಕೊಂಡಳು. ಆ ನಿಶ್ಶಬ್ದದಲ್ಲಿ ಬಾಗಿಲ ಕಡೆಯಿಂದ ಒಂದು ಪಿಸುಮಾತು, ಎಲ್ಲರಿಗೂ ಕೇಳುವಷ್ಟು ಜೋರಾದ ಪಿಸುಮಾತು ಬಂತು: “ಟೀಚರ್ರ, ಸಣ್ಣದು ಐತಲ್ರಿ. ಅದನ್ನಽ ಅಂದುಬಿಡ್ರಿ.”

“ಯೇಸಪ್ಪ ಅತ್ತ,” ಎಂದಳು ಗ್ಯಾನಮ್ಮ.

ಹೆಂಗಸರು ಘೊಳ್ಳೆಂದು ನಕ್ಕರು. ದೀಪಿಕಾಳಿಗೂ ನಗು ತಡೆಯಲಿಲ್ಲ. “ಟೀಚರ್ರ, ಅದು ನಡಿಯಂಗಿಲ್ರೀ! ನೀವು ಬರದ ಹಳೇ ಹಾಜರಿ ಪುಸ್ತಕದಾಗಽ ಐತಿ, ನಿರ್ಣಯ. ರಾತ್ರಿ ಎಲ್ಲಾ ಓದೀನಿ ನಾನು. ಬ್ಯಾರೆ ಅನ್ರಿ, ಇಲ್ಲಾಂದ್ರ ಗೈರು ಹಾಕಬೇಕಾಕ್ಕತಿ.”

“ಹಾಕವ್ವಾ,” ಎಂದಳು ಗ್ಯಾನಮ್ಮ.

ನಗು ಇನ್ನೂ ಮುಗಿದಿರಲಿಲ್ಲ. ಚೇಷ್ಟೆಯೆಂದುಕೊಂಡು ದೀಪಿಕಾ ಪೆನ್ನು ಎತ್ತಿ ಹಿಡಿದು ಕಾದಳು.

“ಹಾಕು. ನಾನೂ ಹಿಂಗಽ ಹಾಕೀನಿ,” ಎಂದಳು ಗ್ಯಾನಮ್ಮ. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು. “ಆ ಬಾಗಿಲದಾಗ ಕುಂತಾಳಲ್ಲ, ಆದಮ್ಮ, ಆಕಿ ಒಂದು ತಿಂಗಳ ತಪ್ಪಿಸಿಲ್ಲ. ಆಕಿ ಎದುರಿಗೆ ನಿಂತಿರ್ತಿದ್ಲು, ನಾ ಗೈರು ಅಂತ ಬರೀತಿದ್ದೆ. ಹನ್ನೆರಡು ವರ್ಷ. ನಮ್ಮ ಅವ್ವಗ ಮನ್ಯಾಗ ಕುಂದ್ರಿಸಿ ವಚನ ಕಲಿಸಿದೆ. ಆಕಿಗೆ ಕಲಿಸಲಿಲ್ಲ. ನಿನ್ನೆ ನೀ ಫೋನ್ ಮಾಡಿ ಕೇಳಿದಾಗೂ ಸುಳ್ಳು ಹೇಳಿದೆ. ತಪ್ಪಾತು. ಆಕಿ ಹೆಸರು ಕರಿ ಮದ್ಲು.”

ಫ್ಯಾನುಗಳ ಸಪ್ಪಳ ಕೇಳಿಸುವಷ್ಟು ಮೌನ. ಈ ಮೌನ ಗ್ಯಾನಮ್ಮನಿಗೆ ಸೇರಲಿಲ್ಲ, ಆದರೂ ಅದರಲ್ಲಿ ನಿಂತೇ ಇದ್ದಳು. ದೀಪಿಕಾ ಮೊದಲ ಬಾರಿಗೆ ನಗದೆ ಪುಸ್ತಕದ ಕಟ್ಟಕಡೆಯ ಹೆಸರಿಗೆ ಬೆರಳಿಟ್ಟು ಕರೆದಳು. “ಮುಕ್ಕುಂದದ ಆದಮ್ಮ.”

ಆದಮ್ಮ ಗೋಡೆ ಹಿಡಿದು ಎದ್ದಳು. ಸೆರಗು ಎಳೆದುಕೊಂಡಳು. ಗ್ಯಾನಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ಶುರುಮಾಡಿದಳು: ನಸುಕಿನಲ್ಲಿ ಏಳುವ ಗುಣವಂತೆ, ಮನೆಮಂದಿಗೆಲ್ಲ ಉಣ್ಣಲಿಕ್ಕಿಡುವವಳು, ಪುಸ್ತಕದ ಮಾತು ಪುಸ್ತಕದ ಹಾಗೆಯೇ, ಒಂದು ಒತ್ತಕ್ಷರ ಜಾರದೆ, ರಾಗವೂ ಅಲ್ಲದ ಮಾತೂ ಅಲ್ಲದ ಅದೇ ಧಾಟಿಯಲ್ಲಿ. ದೀಪದ ಸಾಲು ಬಂತು. ಆದಮ್ಮ ನಿಲ್ಲಿಸಿ, ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಅದೂ ವೇದದಲ್ಲೇ ಇದೆಯೆಂಬಂತೆ, ಮುಂದುವರಿಸಿ ಮುಗಿಸಿದಳು.

“ಇದೆಲ್ಲಾ ಬರ್ತಿತ್ತೇನು ನಿನಗ?” ಗ್ಯಾನಮ್ಮನ ಬಾಯಿಂದ ಅಷ್ಟೇ ಹೊರಟಿತು.

“ಎಲ್ಲಾರದೂ ಬರ್ತಾವ್ರಿ. ನಿಮ್ಮವ್ವಂದು ಬರ್ತೈತಿ, ಕುರುಬಂದು. ತೆಲುಗಿನವರದೂ ಬರ್ತಾವು.”

“ಮತ್ತ ಯಾಕ ಅನ್ನಲಿಲ್ಲ, ಅಷ್ಟು ವರ್ಷ?”

“ಹೆಂಗ ಅನ್ಲಿ?” ಎಂದಳು ಆದಮ್ಮ. “ಓದಾಕ ಬರಂಗಿಲ್ಲ, ನೀವು ಅಂದದ್ದು ಕೇಳೇ ಕಲೀಬೇಕು. ಒಬ್ಬರು ಅಂದದ್ದು ಇನ್ನೊಬ್ಬರು ಅನ್ನಬಾರದು, ಅವರವರದು ಅವರವರದು ಅಂತ ನೀವಽ ಕಾಯಿದೆ ಹಾಕಿದ್ರಿ. ನಾ ಕಲ್ತದ್ದೆಲ್ಲಾ ಇನ್ನೊಬ್ಬರದಽ ಆಗಿರ್ತಿತ್ತಲ್ರಿ.” ಸೆರಗು ಸೊಂಟಕ್ಕೆ ಸಿಕ್ಕಿಸಿ, “ನನಗ ಸಿಟ್ಟಿದ್ದಿಲ್ಲ ಅಂತ ತಿಳ್ಕೋಬ್ಯಾಡ್ರಿ ಮತ್ತ. ಇತ್ತು. ಈಗೂ ಐತಿ, ಒಂಚೂರು,” ಎಂದಳು.

ಎಂಥ ಬಂದೋಬಸ್ತು. ಎಲ್ಲಿಯೂ ಬಿರುಕಿಲ್ಲದ ಆ ಗೋಡೆಯನ್ನು ಗ್ಯಾನಮ್ಮ ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಆಚೆ ಕಡೆಯಿಂದ ನೋಡಿದಳು. ಪ್ರತಿ ತಿಂಗಳೂ ಆ ಬಾಯಿ ತೆರೆದದ್ದು ಖಾಲಿಯಿಂದಲ್ಲ, ತುಂಬಿ. ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ. ನಡೆದುಹೋಗಿ ಆದಮ್ಮನ ಕೈ ಹಿಡಿದು, ಮುಂದಿನ ಸಾಲಿಗೆ ಕರೆತಂದು, ತನ್ನ ಹೆಸರಿನ ಚೀಟಿ ಕಿತ್ತು, ಕುರ್ಚಿ ತೋರಿಸಿದಳು. ಆದಮ್ಮ ಒಲ್ಲೆ ಎನ್ನಲಿಲ್ಲ, ಸಂಕೋಚಪಡಲೂ ಇಲ್ಲ. ಹಿಡಿಯಕ್ಕಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ, ಒರಗಿ ಕೂತಳು. ದೀಪಿಕಾ ಅವಳ ಹೆಸರಿನ ಮುಂದೆ ಹಾಜರ್ ಎಂದು ಬರೆದು, ತಲೆ ಎತ್ತಿ, ಈಗ ಸ್ವಲ್ಪ ಅಂಜುತ್ತಲೇ ಕೇಳಿದಳು. “ಟೀಚರ್ರ, ನಿಮ್ಮದು?”

ಗ್ಯಾನಮ್ಮ ಹೋಗಿ ಬಾಗಿಲ ಬಳಿ, ಚಪ್ಪಲಿಗಳ ಮಗ್ಗುಲಲ್ಲಿ, ಆದಮ್ಮ ಕೂತು ನುಣುಪಾದ ಜಾಗದಲ್ಲಿ ಕೂತಳು. ಇಲ್ಲಿಗೆ ಫ್ಯಾನಿನ ಗಾಳಿ ಬರುತ್ತಿರಲಿಲ್ಲ. ಆದರೆ ಒಳಗಿನ ಒಂದೊಂದು ಮಾತೂ ಚೆನ್ನಾಗಿ ಕೇಳಿಸುತ್ತಿತ್ತು.

“ನಂದು ಆಕಿ ಅಂದುಬಿಟ್ಲಲ್ಲ,” ಎಂದಳು.

ಮುಂದಿನ ಸಾಲಿನಿಂದ ಆದಮ್ಮ ಕುರ್ಚಿಯಲ್ಲೇ ಹೊರಳಿ, ಬಾಗಿಲ ಕಡೆ ನೋಡಿದಳು. ಮುಖದಲ್ಲಿ ನಗು ಇತ್ತೋ ಇಲ್ಲವೋ, ಆ ದೂರದಿಂದ ಗ್ಯಾನಮ್ಮನಿಗೆ ಕಾಣಲಿಲ್ಲ.

“ಮುಂದಿನ ತಿಂಗಳ ಒಂದು ಕಲ್ತು ಬರ್ರಿ ಟೀಚರ್ರ,” ಎಂದಳು.

ಎಪ್ಪತ್ತೈದನೆಯ ವರ್ಷದ ಕೂಟದ ಹಾಜರಿಯಲ್ಲಿ ಗ್ಯಾನಮ್ಮನ ಹೆಸರಿನ ಮುಂದೆ ಗೈರು ಎಂದೇ ಇದೆ.